ಕ್ರಿಸ್ತರಾಜರ ಪ್ರಜೆಯ ಅಭಿಪ್ರಾಯ



ಕ್ರಿಸ್ತರಾಜರ ಮಹೋತ್ಸವವನ್ನು 1925ರಲ್ಲಿ ವಿಶ್ವಗುರು ಹನ್ನೊಂದನೇ ಪಯಸ್‌ರವರು ಸ್ಥಾಪಿಸಿದರು. ಈ ರಾಜರು ಪಿಲಾತನ ಮುಂದೆ, ತಾವು ಬಂದದ್ದು ಸತ್ಯಕ್ಕೆ ಸಾಕ್ಷಿ ನೀಡಲು ಎಂದರು (ಯೊವಾನ್ನ 18:37). ಅವರ ಪ್ರಜೆಗಳಾದ ನಾವು ರಾಜಕೀಯದ ಬಗ್ಗೆ, ಪತ್ರಿಕೆ-ಟಿ.ವಿ. ಸುದ್ದಿಗಳ ಬಗ್ಗೆ ಅಭಿಪ್ರಾಯ ಹೇಳಬಹುದೇ?

ಹೇಳಬಹುದು, ಹೇಳಲೂ ಬೇಕು. ಲೌಕಿಕ ವಿಷಯಗಳಲ್ಲಿ ಪ್ರಾಮಾಣಿಕ ವಿಶ್ವಾಸಿಗಳ ಅಭಿಪ್ರಾಯ ಬೇರೆಬೇರೆಯಾಗಬಹುದು. ಆದರೆ ತನ್ನ ಅಭಿಪ್ರಾಯವೇ ಧರ್ಮಸಭೆಯ ತೀರ್ಪೆಂದು ಯಾರೂ ಹೇಳಬಾರದು. ಇದು 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ನೀಡಿದ ಬೋಧನೆ. ಅಪ್ಪನ ಮತ ಒಬ್ಬರಿಗೆ, ಮಗನ ಮತ ಮತ್ತೊಬ್ಬರಿಗೆ ಹೋದರೆ ಪಾಪವಲ್ಲ. ಸುಳ್ಳು ಹರಡಿದರೆ ಎಂಟನೇ ಆಜ್ಞೆಯನ್ನು ಮೀರಿದಂತೆ.

2022ರ ಡಿಸೆಂಬರ್ 27ರಂದು ಪಿರಿಯಾಪಟ್ಟಣದ ಸಂತ ಮರಿಯಮ್ಮನವರ ದೇವಾಲಯದಲ್ಲಿ ಬಾಲಯೇಸುವಿನ ಪ್ರತಿಮೆಗೆ ಹಾನಿಯಾಯಿತು, ಕಾಣಿಕೆ ಹುಂಡಿ ಕಳುವಾಯಿತು. ಸುದ್ದಿ ದೇಶವೆಲ್ಲ ಹಬ್ಬಿತು. ಕಳ್ಳತನಕ್ಕಾಗಿ ನಡೆದ ಕೃತ್ಯವಿರಬಹುದೆಂದು ಪೊಲೀಸರು ಹೇಳಿದರು. ನಮ್ಮ ಮನಸ್ಸು ನೊಂದದ್ದು ನಿಜ. ತನಿಖೆ ಕೇಳುವುದು ನಮ್ಮ ಹಕ್ಕು. ಆದರೆ ತನಿಖೆಗೆ ಮುನ್ನವೇ ಇಡೀ ಸಮುದಾಯವೊಂದರತ್ತ ಬೆರಳು ತೋರಿಸಿದರೆ ಅದು ಸುಳ್ಳುಸಾಕ್ಷಿಯೇ. ನಮ್ಮ ಮೇಲೆ ಮತಾಂತರದ ಆಪಾದನೆ ಬಂದಾಗ, ವಿಚಾರಿಸಿ ಮಾತಾಡಿ ಎನ್ನುತ್ತೇವಲ್ಲವೇ? ಆ ನ್ಯಾಯ ನೆರೆಯವರಿಗೂ ಸಲ್ಲಬೇಕು.

ಹುಣಸೂರಿನ ಸಂತೆಯಲ್ಲಾಗಲಿ, ಮೊಬೈಲಿನಲ್ಲಾಗಲಿ, ಮೊದಲು ವಿಚಾರಿಸೋಣ, ಆಮೇಲೆ ಮಾತಾಡೋಣ. ಸತ್ಯ ತಿಳಿದ ಮೇಲೆ ಹೆದರಿ ಸುಮ್ಮನಿರುವುದು ಬೇಡ. ಅದಕ್ಕೆ ಬೇಕಾದ ತಾಳ್ಮೆಯನ್ನೂ ಧೈರ್ಯವನ್ನೂ ಕ್ರಿಸ್ತರಾಜರು ನಮಗೆ ಅನುಗ್ರಹಿಸಲಿ.