ಬಿಡು ಮತ್ತು ಬುಡು

ವೇಣೂರಿಗೆ ಕನ್ನಡದ ಅಧ್ಯಾಪಕನಾಗಿ ಬಂದ ಹೊಸತರಲ್ಲಿ ನಾನೊಂದು ಅನ್ಯಾಯ ಮಾಡಿದೆ. ತಿಮ್ಮಣ್ಣ ಅಜಿಲನು 1604ರಲ್ಲಿ ಅಲ್ಲಿ ನಿಲ್ಲಿಸಿದ ಗೊಮ್ಮಟನನ್ನು ಕುರಿತು ಹುಡುಗರಿಂದ ಪ್ರಬಂಧ ಬರೆಯಿಸಿದ್ದೆ. ತುಳು ಮನೆಮಾತಿನ ಒಬ್ಬನು 'ಅಜಿಲನು ಹಟ ಬುಡಲಿಲ್ಲ' ಎಂದು ಬರೆದಿದ್ದನು. ಕೆಂಪು ಗೆರೆಯೆಳೆದುದು ಸಾಲದೆ, ತರಗತಿಯೆದುರು ಓದಿ ಎಲ್ಲರನ್ನೂ ನಗಿಸಿದೆ. ಆ ಹುಡುಗ ವರ್ಷವೆಲ್ಲ ನನ್ನೆದುರು ಬಾಯಿ ಬಿಡಲಿಲ್ಲ.

ಬೇಸಗೆಯ ರಜೆಗೆ ಮಂಡ್ಯದ ಕಡೆಯ ನಮ್ಮೂರಿಗೆ ಹೋದಾಗ, ಏನೋ ಮಾತಿಗೆ ಅಜ್ಜಿ 'ಹೋಗ್ಲಿ ಬುಡು' ಎಂದಳು. ಹುಟ್ಟಿದಂದಿನಿಂದ ಕೇಳಿದ ಮಾತು. ಅಂದೇ ಕಿವಿಗೆ ಬಿದ್ದುದು!

ತುಳುವಿನಲ್ಲಿ ಬಿಡು 'ಬುಡು' ಆಗಿದೆ, ಹಳಗನ್ನಡದ ಪೆಣ್ 'ಪೊಣ್ಣು', ಬೆಳ್ಳಿ 'ಬೊಳ್ಳಿ'. ಆದರೆ ಬಿತ್ತು ಬಿತ್ತಾಗಿಯೂ ಎಣ್ಣೆ ಎಣ್ಣೆಯಾಗಿಯೂ ಉಳಿದಿವೆ. ವಾಚಕರು ಒಮ್ಮೆ ಉಚ್ಚರಿಸಿ ನೋಡಬೇಕು. ಪ, ಬಗಳಿಗೆ ತುಟಿ ಕೂಡುತ್ತದೆ; ಡ, ಣ, ಳಗಳಿಗೆ ನಾಲಗೆ ಹಿಂದಕ್ಕೆ ಮಡಿಯುತ್ತದೆ. ಇವೆರಡರ ನಡುವೆ ಸಿಕ್ಕ ಇಕಾರ ಎಕಾರಗಳು ಉಕಾರ ಒಕಾರಗಳಾಗುತ್ತವೆ. ಎರಡರಲ್ಲಿ ಒಂದು ಇಲ್ಲದಲ್ಲಿ ಸ್ವರ ಅಲುಗಿಲ್ಲ. ಆಡುದಮಿಳಿನ 'ಪೊಣ್ಣು', 'ವೂಡು'ಗಳೂ ಇದೇ ದಾರಿ ಹಿಡಿದವು.

ನನ್ನನ್ನು ಬಹುಕಾಲ ಕಾಡಿದ್ದು 'ಬೂರು', ಎಂದರೆ ಬೀಳು. ಇಲ್ಲಿ ಮಡಿದ ನಾಲಗೆಯ ವ್ಯಂಜನವೆಲ್ಲಿ? ಹಳಗನ್ನಡದ 'ಬೀೞ್' ನೆನಪಾದಾಗ ಗಂಟು ಸಡಿಲಿತು. ೞಕಾರವು ಈಕಾರವನ್ನು ಊಕಾರವಾಗಿಸಿ, ತರುವಾಯ ತಾನು ರೇಫವಾಯಿತು. ಮೊದಲೇ ರೇಫವಾಗಿದ್ದರೆ ಸ್ವರ ಬದಲಾಗಲು ಕಾರಣವೇ ಇರುತ್ತಿರಲಿಲ್ಲ. ಯಾವ ಶಾಸನವೂ ಇಲ್ಲದೆ, ಎರಡು ಮಾರ್ಪಾಟುಗಳಲ್ಲಿ ಯಾವುದು ಹಿರಿಯದೆಂದು ಒಂದು ಶಬ್ದವೇ ಹೇಳುತ್ತದೆ. ಆಫ್ರಿಕದ ಬಾಂಟು ಭಾಷೆಗಳಲ್ಲಿ ಇದರ ತಿರುಗುಮುರುಗು. ಮೂಲದ ಏಳು ಸ್ವರಗಳು ಸ್ವಾಹಿಲಿಯಲ್ಲಿ ಐದಕ್ಕಿಳಿದಿವೆ. ಕಳೆದುಹೋದ ಸ್ವರಭೇದದ ಗುರುತು ಹಿಂದಿನ ವ್ಯಂಜನದ ಮೇಲೆ ಉಳಿದಿದೆ.

ಹಾಗೆಂದು ಪ್ರಬಂಧದಲ್ಲಿ 'ಬುಡಲಿಲ್ಲ' ಸಲ್ಲುವುದೆಂದು ನಾನು ವಾದಿಸಲಾರೆ; ಗ್ರಂಥಭಾಷೆಗೆ ಅದರದೇ ಕಟ್ಟಳೆಯುಂಟು. ಆದರೆ ನಗುವ ಮಾತು ಅದಾಗಿರಲಿಲ್ಲ. ರಜೆ ಮುಗಿದ ಮೊದಲ ದಿನ ಕರಿಹಲಗೆಯ ಮೇಲೆ 'ಬಿಡು', 'ಬುಡು' ಎರಡನ್ನೂ ಬರೆದು, ನಮ್ಮಜ್ಜಿಯ ಮಾತು ಹೇಳಿದೆ. ಆ ಹುಡುಗ ತಲೆಯೆತ್ತಿ, "ಹಾಗಾದರೆ ಬೂರು?" ಎಂದನು. ನನಗೆ ಅಂದು ಉತ್ತರ ತಿಳಿದಿರಲಿಲ್ಲ.