ಕಂಡದ್ದನ್ನು ಬರೆದವರು, ಕಾಣದೆ ಹೋದವರು: ಪತ್ರಕರ್ತ ವಿಲ್‌ಫ್ರೆಡ್ ಬರ್ಚೆಟ್

ಆಗಸ್ಟ್ ತಿಂಗಳ 6ನೆಯ ತಾರೀಕು ಬಂತೆಂದರೆ ನಮ್ಮ ಶಾಲೆಯ ಜಗಲಿಯ ತುಂಬ ಕಾಗದದ ಕೊಕ್ಕರೆಗಳು ತೂಗಾಡುತ್ತವೆ. ಕೇರಳದ ಶಾಲೆಗಳಲ್ಲಿ ಹಿರೋಶಿಮಾ ದಿನವನ್ನು ಆಚರಿಸುವ ವಾಡಿಕೆಯಿರುವುದರಿಂದ ಗಡಿನಾಡಿನ ನಮ್ಮ ಕನ್ನಡ ಶಾಲೆಯ ಮಕ್ಕಳೂ ಹಳೆಯ ನೋಟುಪುಸ್ತಕದ ಹಾಳೆಗಳನ್ನು ಹರಿದು ಕೊಕ್ಕರೆ ಮಡಚುತ್ತಾರೆ. ಕಳೆದ ಸಲ ಏಳನೆಯ ತರಗತಿಯ ಹುಡುಗಿಯೊಬ್ಬಳು, "ಮಾಷ್ಟ್ರೇ, ಊರಿಗೆ ಊರೇ ಸುಟ್ಟುಹೋದ ಮೇಲೆ ಅಲ್ಲಿನ ಸುದ್ದಿಯನ್ನು ಹೊರಗಿನವರಿಗೆ ತಿಳಿಸಿದವರು ಯಾರು?" ಎಂದು ಕೇಳಿದಳು. ಇಷ್ಟು ವರ್ಷ ಚರಿತ್ರೆಯ ಪಾಠ ಹೇಳಿದ ನನಗೆ ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಉತ್ತರ ಹುಡುಕಹೋಗಿ ಕೈಗೆ ಸಿಕ್ಕಿದ ಮನುಷ್ಯನ ಕತೆ ನಾನೆಣಿಸಿದಷ್ಟು ಸರಳವಾದದ್ದಲ್ಲ.

1945ರ ಸೆಪ್ಟೆಂಬರ್ 2ರಂದು ಟೋಕಿಯೋ ಕೊಲ್ಲಿಯಲ್ಲಿ ಲಂಗರು ಹಾಕಿದ್ದ 'ಮಿಸೌರಿ' ಯುದ್ಧನೌಕೆಯ ಮೇಲೆ ಜಪಾನು ಶರಣಾಗತಿಯ ಪತ್ರಕ್ಕೆ ರುಜು ಹಾಕಿತು. ಆ ದೃಶ್ಯವನ್ನು ವರದಿ ಮಾಡಲು ನೂರಾರು ಪತ್ರಕರ್ತರು ಅಲ್ಲಿ ನೆರೆದಿದ್ದರು. ಲಂಡನ್ನಿನ 'ಡೈಲಿ ಎಕ್ಸ್‌ಪ್ರೆಸ್' ಪತ್ರಿಕೆಯ ಬಾತ್ಮೀದಾರರಾಗಿದ್ದ ವಿಲ್‌ಫ್ರೆಡ್ ಬರ್ಚೆಟ್ ಮಾತ್ರ ಅದೇ ದಿನ ಟೋಕಿಯೋದಲ್ಲಿ ಹಿರೋಶಿಮಾದತ್ತ ಹೋಗುವ ರೈಲುಗಾಡಿ ಹತ್ತಿದರು. ಗಾಡಿಯ ತುಂಬ ಸೋತು ಮರಳುತ್ತಿದ್ದ ಜಪಾನೀ ಸೈನಿಕರು. ಸೊಂಟದಲ್ಲಿ ಕತ್ತಿ ಕಟ್ಟಿಕೊಂಡ ಅಧಿಕಾರಿಗಳು. ಇವರ ಬಳಿ ಇದ್ದದ್ದು ಒಂದು ಸಣ್ಣ ಬೆರಳಚ್ಚು ಯಂತ್ರ, ಒಂದು ಕೊಡೆ, ಕೆಲವು ದಿನಗಳಿಗಾಗುವಷ್ಟು ತಿಂಡಿಯ ಪೊಟ್ಟಣ, ಮತ್ತು ಜಪಾನಿನ ವಾರ್ತಾಸಂಸ್ಥೆಯವರು ತಮ್ಮ ಹಿರೋಶಿಮಾದ ಪ್ರತಿನಿಧಿಗೆ ಬರೆದುಕೊಟ್ಟ ಪರಿಚಯಪತ್ರ. ಇಪ್ಪತ್ತು ಗಂಟೆಗೂ ಮೀರಿದ ಆ ಪ್ರಯಾಣದ ಕೊನೆಗೆ ಸೆಪ್ಟೆಂಬರ್ 3ರ ಬೆಳಗ್ಗೆ ಅವರು ಕಂಡದ್ದು ರಸ್ತೆಯಂಚಿನವರೆಗೂ ಸಮತಟ್ಟಾಗಿ ಹರಡಿದ್ದ ಬೂದಿಯ ಬಯಲು.

ಆದರೆ ಅವರ ಎದೆಯನ್ನು ನಡುಗಿಸಿದ್ದು ಆ ಬಯಲಲ್ಲ, ಊರಂಚಿನ ಆಸ್ಪತ್ರೆ. ಬಾಂಬು ಬಿದ್ದ ದಿನ ಒಂದು ತರಚುಗಾಯವೂ ಆಗದೆ ಉಳಿದವರು ವಾರಗಳು ಕಳೆದ ಮೇಲೆ ಅಲ್ಲಿ ಚಾಪೆಗಳ ಮೇಲೆ ಮಲಗಿದ್ದರು. ತಲೆಗೂದಲು ಹಿಡಿ ಹಿಡಿಯಾಗಿ ಉದುರುತ್ತಿತ್ತು. ವಸಡಿನಿಂದ ರಕ್ತ ಒಸರುತ್ತಿತ್ತು, ಮೈಮೇಲೆ ನೇರಳೆ ಬಣ್ಣದ ಮಚ್ಚೆಗಳು ಏಳುತ್ತಿದ್ದವು. ಇದು ಯಾವ ರೋಗವೆಂಬುದು ವೈದ್ಯರಿಗೇ ತಿಳಿಯದು. ಬರ್ಚೆಟ್ಟರು ಮುರಿದ ಗೋಡೆಯ ತುಂಡೊಂದರ ಮೇಲೆ ಕುಳಿತು ವರದಿಯನ್ನು ಬೆರಳಚ್ಚು ಮಾಡಿದರು. ಜಪಾನೀ ಪ್ರತಿನಿಧಿ ಅದನ್ನು ಅಕ್ಷರಕ್ಕೆ ಅಕ್ಷರ ಮೋರ್ಸ್ ಸಂಕೇತದಲ್ಲಿ ಟೋಕಿಯೋಕ್ಕೆ ಕಳುಹಿಸಿದ. ಅಲ್ಲಿ ಅವರ ಸಹೋದ್ಯೋಗಿಯೊಬ್ಬರು ಅಮೆರಿಕದ ಸೇನೆಯ ಪತ್ರಪರಿಶೀಲಕರ ಕೈಯಿಂದ ಹೇಗೋ ಪಾರುಮಾಡಿ ಲಂಡನ್ನಿಗೆ ಮುಟ್ಟಿಸಿದರು. ಸೆಪ್ಟೆಂಬರ್ 5ರ ಪತ್ರಿಕೆಯಲ್ಲಿ ಅದು 'ಅಣು ಮಹಾಮಾರಿ' ಎಂಬರ್ಥದ ತಲೆಬರಹದೊಡನೆ ಪ್ರಕಟವಾಯಿತು. ಜಗತ್ತಿಗೆ ಎಚ್ಚರಿಕೆಯಾಗಲೆಂದೇ ಇದನ್ನು ಬರೆಯುತ್ತಿದ್ದೇನೆ ಎಂದು ಅವರು ಹೇಳಿದ್ದರು. ಅವಸರದಲ್ಲಿ ಪತ್ರಿಕೆಯವರು ಲೇಖಕರ ಹೆಸರನ್ನೇ ತಪ್ಪಾಗಿ 'ಪೀಟರ್ ಬರ್ಚೆಟ್' ಎಂದು ಅಚ್ಚು ಹಾಕಿದ್ದರು!

ಇಲ್ಲೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಯುದ್ಧಕಾಲದಲ್ಲಿ ಜಪಾನಿನಲ್ಲೇ ಸಿಕ್ಕಿಬಿದ್ದಿದ್ದ ಲೆಸ್ಲಿ ನಾಕಾಶಿಮಾ ಎಂಬ ಪತ್ರಕರ್ತರು ತಾಯಿಯನ್ನು ಹುಡುಕಿಕೊಂಡು ಆಗಸ್ಟಿನಲ್ಲೇ ಹಿರೋಶಿಮಾಕ್ಕೆ ಹೋಗಿ ಬರೆದಿದ್ದರು. ಯಾವ ಸೇನೆಯ ಬೆಂಗಾವಲೂ ಇಲ್ಲದೆ ಹೊರಗಿನಿಂದ ಹೋಗಿ ಅಣುವಿಕಿರಣದ ಸಾವನ್ನು ಸಾರಿ ಹೇಳಿದ ಕೀರ್ತಿ ಮಾತ್ರ ಬರ್ಚೆಟ್ಟರದೇ. ಅವರು ಟೋಕಿಯೋಕ್ಕೆ ಮರಳುವ ಹೊತ್ತಿಗೆ ಅಣುಬಾಂಬ್ ಯೋಜನೆಯ ಜನರಲ್ ಫ್ಯಾರೆಲ್ ಪತ್ರಕರ್ತರ ಸಭೆ ಕರೆದು, ವಿಕಿರಣದ ಕಾಯಿಲೆಯೆಂಬುದಿಲ್ಲ ಎಂದು ಸಾಧಿಸುತ್ತಿದ್ದರು. ಕಂಡದ್ದನ್ನು ಹೇಳಹೊರಟ ಬರ್ಚೆಟ್ಟರಿಗೆ, ನೀವು ಜಪಾನೀ ಪ್ರಚಾರಕ್ಕೆ ಬಲಿಯಾಗಿದ್ದೀರಿ ಎಂಬ ಉತ್ತರ ಸಿಕ್ಕಿತು. ಹಿರೋಶಿಮಾದ ಚಿತ್ರಗಳಿದ್ದ ಅವರ ಕ್ಯಾಮರಾ ಕಾಣೆಯಾಯಿತು. ನಾಗಸಾಕಿಗೆ ಇದೇ ರೀತಿ ನುಸುಳಿಹೋದ ಅಮೆರಿಕದ ಜಾರ್ಜ್ ವೆಲ್ಲರ್ ಪಾಪ, ತಮ್ಮ ವರದಿಗಳನ್ನು ನಿಯಮದ ಪ್ರಕಾರ ಸೇನೆಯ ಪರಿಶೀಲನೆಗೇ ಕಳುಹಿಸಿದರು. ಅವು ಬೆಳಕು ಕಾಣಲೇ ಇಲ್ಲ. ಅವುಗಳ ಕಾರ್ಬನ್ ಪ್ರತಿಗಳು ವೆಲ್ಲರ್ ತೀರಿಕೊಂಡ ಮೇಲೆ ಮಗನ ಕೈಗೆ ಸಿಕ್ಕಿ, 2006ರಲ್ಲಿ ಪುಸ್ತಕವಾದವು.

ಈ ಬರ್ಚೆಟ್ ಯಾರು? 1911ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಹುಟ್ಟಿದವರು. ತಂದೆ ಮನೆ ಕಟ್ಟಿಸುವ ಕಸುಬಿನವರು, ಇಗರ್ಜಿಯಲ್ಲಿ ಪ್ರವಚನ ಮಾಡುವವರೂ ಹೌದು. ಬಡತನದಿಂದ ವಿದ್ಯಾಭ್ಯಾಸ ನಿಂತಿತು. ಬಡಗಿಕೆಲಸ, ಹೊಲದ ಕೂಲಿಗಳ ನಡುವೆ ತಾವಾಗಿಯೇ ಪರಭಾಷೆಗಳನ್ನು ಕಲಿತರು. ಯುದ್ಧಕ್ಕೆ ಮುನ್ನ ಲಂಡನ್ನಿನ ಪ್ರವಾಸ ಕಚೇರಿಯೊಂದರಲ್ಲಿದ್ದಾಗ ಹಿಟ್ಲರನ ಜರ್ಮನಿಯಿಂದ ಯಹೂದ್ಯರನ್ನು ಪಾರುಮಾಡಲು ನೆರವಾದರು. ನಮ್ಮ ದೇಶದೊಡನೆಯೂ ಅವರ ನಂಟುಂಟು: ಭಾರತದಿಂದ ಬರ್ಮಾದೊಳಕ್ಕೆ ಹೊರಟ ಸೈನ್ಯದ ಜೊತೆ ಹೋಗಿ ಅರಾಕಾನಿನಲ್ಲಿ ಗಾಯಗೊಂಡರು, ಬರ್ಮಾದ ಕಾಡಿಗೆ ನುಗ್ಗಿದ ವಿಂಗೇಟರ ದಳದ ಬಗ್ಗೆ 1944ರಲ್ಲಿ ಪುಸ್ತಕ ಬರೆದರು.

ಯುದ್ಧ ಮುಗಿದ ಕೆಲವು ವರ್ಷಗಳಲ್ಲಿ ಅವರು ದೊಡ್ಡ ಪತ್ರಿಕೆಗಳ ನೌಕರಿಯಿಂದ ದೂರವಾದರು. ಬರೆದ ಲೇಖನಕ್ಕಷ್ಟೇ ಸಂಭಾವನೆ ಪಡೆಯುವ ಸ್ವತಂತ್ರ ಪತ್ರಕರ್ತನಿಗೆ ಎರಡು ಸಂಕಟಗಳು. ಅಪಾಯವೆಲ್ಲ ಅವನದು, ಸುದ್ದಿಯ ಬಳಿಗೆ ಹೋಗಬೇಕಾದರೆ ಬಾಗಿಲು ತೆರೆಯುವ ಆತಿಥೇಯನ ಹಂಗು ಬೇರೆ. ಬರ್ಚೆಟ್ಟರಿಗೆ ಬಾಗಿಲು ತೆರೆದದ್ದು ಕಮ್ಯುನಿಸ್ಟ್ ದೇಶಗಳು. 1949ರಲ್ಲಿ ಹಂಗೇರಿಯ ಮಂತ್ರಿ ರಾಯ್ಕ್‌ನನ್ನು ಸುಳ್ಳು ಆಪಾದನೆಯ ಮೇಲೆ ವಿಚಾರಿಸಿ ಗಲ್ಲಿಗೇರಿಸಿದರು. ವಿಚಾರಣೆಯ ವರದಿ ಮಾಡಿದ ಬರ್ಚೆಟ್ಟರು ಆತನು ಅಪರಾಧಿಯೆಂದೇ ನಂಬಿ ಬರೆದರು. 1956ರಲ್ಲಿ ಅದೇ ಸರಕಾರ ರಾಯ್ಕ್ ನಿರಪರಾಧಿಯೆಂದು ಒಪ್ಪಿ, ಶವವನ್ನು ಹೊರತೆಗೆದು ಗೌರವದಿಂದ ಮತ್ತೆ ಮಣ್ಣುಮಾಡಿತು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎನ್ನುತ್ತಾರೆ ನಮ್ಮ ಹಿರಿಯರು. ಹಿರೋಶಿಮಾದಲ್ಲಿ ಸೇನಾಧಿಕಾರಿಯ ಮಾತನ್ನು ನಂಬದೆ ರೋಗಿಯ ಮಗ್ಗುಲಿಗೆ ಹೋಗಿ ನೋಡಿದ ಮನುಷ್ಯ, ಬುಡಾಪೆಸ್ಟಿನಲ್ಲಿ ಅಧಿಕಾರಿಗಳು ತೋರಿಸಿದ್ದನ್ನೇ ನೋಡಿ ತೃಪ್ತರಾದರಲ್ಲ!

ಕೊರಿಯಾ ಯುದ್ಧದಲ್ಲಿ ಅವರ ಎರಡು ಮುಖಗಳೂ ಕಾಣುತ್ತವೆ. 1951ರಿಂದ ನಡೆದ ಸಂಧಾನದ ವರದಿಗಾಗಿ ಅವರು ಉತ್ತರದ ಕಡೆಯಿಂದ ಹೋಗಿದ್ದರು. ಅಮೆರಿಕದ ಸೇನೆ ತನ್ನ ಕಡೆಯ ಪತ್ರಕರ್ತರಿಂದ ಮುಚ್ಚಿಟ್ಟ ಎಷ್ಟೋ ಸಂಗತಿಗಳು ಆ ಪತ್ರಕರ್ತರಿಗೇ ತಿಳಿದದ್ದು ಬರ್ಚೆಟ್ಟರ ಬಾಯಿಂದ. ಸತ್ತನೆಂದೇ ಭಾವಿಸಲಾಗಿದ್ದ ಅಮೆರಿಕದ ಜನರಲ್ ಡೀನ್ ಸೆರೆಯಲ್ಲಿ ಬದುಕಿದ್ದಾನೆಂದು ಸಂದರ್ಶನ ಮಾಡಿ ಲೋಕಕ್ಕೆ ತಿಳಿಸಿದವರೂ ಇವರೇ. ಡೀನ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಕೃತಜ್ಞತೆಯಿಂದ ನೆನೆದಿದ್ದಾರೆ. ಆದರೆ ಅದೇ ಬರ್ಚೆಟ್ಟರು ಸೆರೆಶಿಬಿರಗಳನ್ನು ವಿಹಾರಧಾಮಗಳಿಗೆ ಹೋಲಿಸಿ ಬರೆದರು. ಅಲ್ಲಿ ಹಸಿವಿನಿಂದ, ಚಳಿಯಿಂದ ಸತ್ತ ಜೊತೆಗಾರರನ್ನು ಮಣ್ಣುಮಾಡಿ ಬಂದ ಸೈನಿಕರು ಈ ಮಾತನ್ನು ಎಂದೂ ಕ್ಷಮಿಸಲಿಲ್ಲ. ಅಮೆರಿಕ ರೋಗಾಣುಗಳನ್ನು ಎರಚಿತೆಂಬ 1952ರ ಆರೋಪವನ್ನೂ ಅವರು ಬಲವಾಗಿ ಸಮರ್ಥಿಸಿದರು. ತಪ್ಪೊಪ್ಪಿಗೆ ಬರೆದುಕೊಟ್ಟಿದ್ದ ವೈಮಾನಿಕರು ಬಿಡುಗಡೆಯಾದ ಮೇಲೆ ಅದು ಬಲವಂತದಿಂದ ಬರೆಸಿದ್ದೆಂದರು. 1998ರಲ್ಲಿ ಹೊರಬಂದ ಸೋವಿಯತ್ ಕಡತಗಳು ಆ ಆರೋಪ ಕಟ್ಟುಕತೆಯೆಂದು ತೋರಿಸುತ್ತವೆ. ಒಪ್ಪದ ಕೆಲವು ವಿದ್ವಾಂಸರು ಈಗಲೂ ಇದ್ದಾರೆ. ಕದನವಿರಾಮದ ಬಳಿಕ ತಾಯ್ನಾಡಿಗೆ ಮರಳಲೊಪ್ಪದ ಸೆರೆಯಾಳುಗಳ ಜಟಿಲ ಸಮಸ್ಯೆಯನ್ನು ಬಿಡಿಸಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ನಮ್ಮ ನೆರೆಯ ಕೊಡಗಿನ ಜನರಲ್ ತಿಮ್ಮಯ್ಯನವರೇ ಅಧ್ಯಕ್ಷರಾಗಿದ್ದರೆಂಬುದನ್ನು ವಾಚಕರು ಬಲ್ಲರು.

ಸ್ವದೇಶದ ಸರಕಾರ ಕೊಟ್ಟ ಶಿಕ್ಷೆ ವಿಚಿತ್ರವಾದದ್ದು. 1955ರಲ್ಲಿ ಅವರ ರಹದಾರಿ ಕಳೆದುಹೋಯಿತು. ಹೊಸದನ್ನು ಕೊಡಲು ಆಸ್ಟ್ರೇಲಿಯ ಒಪ್ಪಲಿಲ್ಲ. ಮಕ್ಕಳನ್ನು ತನ್ನ ಪ್ರಜೆಗಳೆಂದು ದಾಖಲಿಸಲೂ ಇಲ್ಲ. ದೇಶದ್ರೋಹವೆಂದು ಮೊಕದ್ದಮೆ ಹೂಡಿದ್ದರೆ ನ್ಯಾಯಾಲಯದಲ್ಲಿ ವಾದಿಸಬಹುದಿತ್ತು, ಅದನ್ನೂ ಮಾಡಲಿಲ್ಲ. ಉತ್ತರ ವಿಯೆಟ್ನಾಮ್ ಕೊಟ್ಟ ಚೀಟಿ, ಆಮೇಲೆ ಕ್ಯೂಬಾದ ರಹದಾರಿ ಹಿಡಿದು ಊರೂರು ಅಲೆದರು. 1963-64ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ದಕ್ಷಿಣ ವಿಯೆಟ್ನಾಮಿನ ಕಾಡುಗಳಲ್ಲಿ ಗೆರಿಲ್ಲಾಗಳ ಜೊತೆ ಕಾಲ್ನಡಿಗೆಯಲ್ಲೂ ಸೈಕಲ್ಲಿನಲ್ಲೂ ಸುತ್ತಿ, ಆ ಯುದ್ಧದ ಇನ್ನೊಂದು ಮಗ್ಗುಲನ್ನು ಪಾಶ್ಚಾತ್ಯ ಓದುಗರಿಗೆ ತೋರಿಸಿದರು. 1969ರಲ್ಲಿ ತಂದೆ ತೀರಿಕೊಂಡಾಗ ಅಂತ್ಯಕ್ರಿಯೆಗೆ ಹೋಗಲಾಗಲಿಲ್ಲ. ಮರುವರ್ಷ ಸಣ್ಣದೊಂದು ಖಾಸಗಿ ವಿಮಾನದಲ್ಲಿ ಬ್ರಿಸ್ಬೇನಿಗೆ ಬಂದಿಳಿದಾಗ ಹಿಂದಕ್ಕೆ ಅಟ್ಟುವ ಧೈರ್ಯ ಸರಕಾರಕ್ಕೆ ಬರಲಿಲ್ಲ. 1972ರ ಕೊನೆಗೆ ಅಧಿಕಾರಕ್ಕೆ ಬಂದ ವಿಟ್ಲಮ್ ಸರಕಾರ ರಹದಾರಿ ಕೊಟ್ಟಿತು. ಹದಿನೇಳು ವರ್ಷ! ಸಿದ್ಧಾಂತ ತಂದೆಯದು, ಶಿಕ್ಷೆ ಮಕ್ಕಳಿಗೆ. ಗುರುತಿನ ಕಾಗದಪತ್ರಗಳ ಬೆಲೆ ಗಡಿಯಲ್ಲಿ ಬಾಳುವ ನಮಗೆ ಚೆನ್ನಾಗಿ ಗೊತ್ತು.

ಸೋವಿಯತ್ ಗುಪ್ತಚಾರನೆಂದು ಬರೆದವರ ಮೇಲೆ ಅವರು ಹೂಡಿದ ಮಾನನಷ್ಟದ ದಾವೆ 1974ರಲ್ಲಿ ಸಿಡ್ನಿಯಲ್ಲಿ ವಿಚಾರಣೆಗೆ ಬಂತು. ಬರಹ ಮಾನಹಾನಿಕರವೇ ಎಂದು ಪಂಚರು ಒಪ್ಪಿದರೂ, ಶಾಸನಸಭೆಯಲ್ಲಿ ನಡೆದ ಮಾತಿನ ವರದಿಯೆಂಬ ಕಾರಣದಿಂದ ಅದಕ್ಕೆ ಕಾನೂನಿನ ರಕ್ಷಣೆಯಿತ್ತು. ಖರ್ಚು ಬರ್ಚೆಟ್ಟರ ತಲೆಯ ಮೇಲೆ ಬಿತ್ತು. ಹಣದ ಆರೋಪವನ್ನು ಅವರು ಕೊನೆಯವರೆಗೂ ನಿರಾಕರಿಸಿದರು. ಆದರೆ 2013ರಲ್ಲಿ ಆಸ್ಟ್ರೇಲಿಯದ ವಿದ್ವಾಂಸ ರಾಬರ್ಟ್ ಮ್ಯಾನ್ ಪ್ರಕಟಿಸಿದ 1957ರ ಮಾಸ್ಕೋ ಕಡತದಲ್ಲಿ, ಬರ್ಚೆಟ್ಟರಿಗೆ ಒಂದೇ ಸಲಕ್ಕೆ 20,000 ರೂಬಲ್‌ಗಳನ್ನೂ ಮಾಸಿಕ ಸಹಾಯಧನವನ್ನೂ ಕೊಡಬೇಕೆಂದು ಗುಪ್ತಚರ ಇಲಾಖೆ ಕೇಳಿದ ದಾಖಲೆಯಿದೆ. ಇದನ್ನು ಓದಿದಾಗ ನನಗೆ ವ್ಯಸನವಾಯಿತು.

ಕಾಂಬೋಡಿಯಾದ ಪೋಲ್ ಪಾಟ್ ಆಡಳಿತವನ್ನೂ ಅವರು ಮೊದಲು ಹೊಗಳಿದ್ದರು. ಆದರೆ 1978ರಲ್ಲಿ ನಿರಾಶ್ರಿತರ ಶಿಬಿರಗಳಿಗೆ ಹೋಗಿ ಅವರ ಬಾಯಿಂದಲೇ ಕೇಳಿದ ಮೇಲೆ ಬಹಿರಂಗವಾಗಿ ಖಂಡಿಸಿದರು. ಪಕ್ಷದ ಕಾಗದಗಳನ್ನು ಬಿಟ್ಟು ನರಳುವವರ ಬಳಿಗೆ ಹೋದಾಗಲೆಲ್ಲ ಅವರ ಲೇಖನಿ ನೆಟ್ಟಗಾಗುತ್ತಿತ್ತೆಂದು ನನ್ನ ಅಭಿಪ್ರಾಯ. 1983ರ ಸೆಪ್ಟೆಂಬರ್ 27ರಂದು ಬಲ್ಗೇರಿಯದ ಸೋಫಿಯಾದಲ್ಲಿ ತೀರಿಕೊಂಡರು. ಆ ವರ್ಷವೇ ಪ್ರಕಟವಾದ ಅವರ ಪುಸ್ತಕ ಮತ್ತೆ ಹಿರೋಶಿಮಾದ ಕುರಿತೇ ಆಗಿತ್ತು.

ಹುಡುಗಿಗೆ ಅಂದು ನಾನು ಹೇಳಿದ್ದು ಮೊದಲರ್ಧವನ್ನು ಮಾತ್ರ: ರೈಲುಗಾಡಿ, ಕೊಡೆ, ಆಸ್ಪತ್ರೆ. ಉಳಿದುದನ್ನು ಓದಿ ಮುಗಿಸುವಷ್ಟರಲ್ಲಿ ಶಾಲಾವರ್ಷ ಮುಗಿಯಿತು. ನಮ್ಮಲ್ಲಿರುವುದು ಏಳನೆಯವರೆಗೆ, ಅವಳೀಗ ಪೇಟೆಯ ಹೈಸ್ಕೂಲಿನಲ್ಲಿದ್ದಾಳೆ.