ಶಾಂತಾ ಹುಬಳೀಕರ್: ಒಂದೇ ಪಾತ್ರ, ಎರಡು ಭಾಷೆ

ಟಿಟ್ವಾಳಾ ಕಡೆಯ ನಮ್ಮ ಕನ್ನಡಿಗರ ದಿನಚರಿ ನಿಮಗೆ ಗೊತ್ತೇ ಇದೆ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ಮರಾಠಿ, ಲೋಕಲ್ ಹತ್ತಿದರೆ ಹಿಂದಿ. ಇದನ್ನೇ ಕ್ಯಾಮೆರಾ ಮುಂದೆ ಮಾಡಿ ಹೆಸರು ಗಳಿಸಿದ ನಟಿ ಶಾಂತಾ ಹುಬಳೀಕರ್. ಇವತ್ತು ಅವರ ವಿಷಯ.

ಹೆಸರೇ ಊರು ಹೇಳುತ್ತದೆ. 1914ರಲ್ಲಿ ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಹುಟ್ಟಿ, ನಾಟಕದ ರಂಗದಿಂದ ಸಿನಿಮಾಕ್ಕೆ ಬಂದು, ಪುಣೆಯ ಪ್ರಭಾತ್ ಕಂಪನಿ ಸೇರಿದರು. 1938ರಲ್ಲಿ 'ಮಾಝಾ ಮುಲಗಾ', ಮರುವರ್ಷ ವಿ. ಶಾಂತಾರಾಮರ 'ಮಾಣೂಸ್'.

ಇಲ್ಲೊಂದು ವಿಷಯ ಅರ್ಥ ಮಾಡಿಕೊಳ್ಳಬೇಕು. ಈಗಿನ ಹಾಗೆ ಆಗ ಡಬ್ಬಿಂಗ್ ಇರಲಿಲ್ಲ. ಅದೇ ಸೆಟ್ಟು, ಅದೇ ಸೀರೆ. ಶಾಟ್ ಒಂದು ಸಲ ಮರಾಠಿಯಲ್ಲಿ, ಇನ್ನೊಂದು ಸಲ ಹಿಂದಿಯಲ್ಲಿ. ಮರಾಠಿಯ 'ಮಾಣೂಸ್' ಹಿಂದಿಯಲ್ಲಿ 'ಆದ್ಮಿ' ಆಯಿತು. ಯುರೋಪಿನಲ್ಲೂ ಇದೇ ಪದ್ಧತಿ. ಬರ್ಲಿನ್ನಿನ ರಂಗಭೂಮಿಯಿಂದ ಬಂದ ಮಾರ್ಲೀನ್ ಡೀಟ್ರಿಚ್ 1930ರ 'ಬ್ಲೂ ಏಂಜೆಲ್'ನಲ್ಲಿ ಹಾಡುಗಾರ್ತಿಯ ಪಾತ್ರವನ್ನು ಜರ್ಮನ್, ಇಂಗ್ಲಿಷ್ ಎರಡರಲ್ಲೂ ಮಾಡಿದ್ದರು. ಆದರೆ ನೋಡಿ, ಡೀಟ್ರಿಚ್‌ಗೆ ಎರಡರಲ್ಲಿ ಒಂದಾದರೂ ತಾಯ್ನುಡಿ. ನಮ್ಮ ಶಾಂತಾಬಾಯಿಗೆ ಎರಡೂ ಕಲಿತದ್ದು!

'ಮಾಣೂಸ್'ನಲ್ಲಿ ಅವರು ಮೈನಾ ಎಂಬ ವೇಶ್ಯೆ. ದಾಳಿಗೆ ಬಂದ ಪೊಲೀಸ್ ಗಣಪತ್ (ಶಾಹೂ ಮೋಡಕ್) ಅವಳನ್ನು ಉಳಿಸುತ್ತಾನೆ, ಪ್ರೀತಿ ಹುಟ್ಟುತ್ತದೆ, ಆದರೆ ಅವನ ಮನೆಯ ಹೊಸ್ತಿಲು ದಾಟಲು ಮೈನಾಗೆ ಧೈರ್ಯ ಬರೋದಿಲ್ಲ. ಕೊನೆಗೆ ಕೊಲೆಯೊಂದು ನಡೆದು ಜೈಲು. ಪಾರು ಮಾಡುತ್ತೇನೆ ಅಂತ ಗಣಪತ್ ಬಂದರೂ ಅವಳು ಒಲ್ಲೆ ಅನ್ನುತ್ತಾಳೆ. ಪ್ರೀತಿ ಸೋತರೆ ಕುಡಿದು ಸಾಯಬೇಕು ಅನ್ನುವ 'ದೇವದಾಸ್'ಗೆ ಶಾಂತಾರಾಮ್ ಕೊಟ್ಟ ಉತ್ತರ ಈ ಚಿತ್ರ. ನನ್ನ ಪ್ರಕಾರ ಆ ಉತ್ತರದ ಭಾರ ಹೊತ್ತವರು ಗಣಪತ್ ಅಲ್ಲ, ಮೈನಾ.

ಚಿತ್ರದ 'ಕಶಾಲಾ ಉದ್ಯಾಚಿ ಬಾತ್' ಹಾಡು ಮನೆಮಾತಾಯಿತು. ನಾಳೆಯ ಮಾತು ಯಾಕೆ ಅಂತ ಅರ್ಥ. ಬೇರೆಬೇರೆ ನಾಡಿನ ಗಿರಾಕಿಗಳಿಗಾಗಿ ಮೈನಾ ಅದರಲ್ಲಿ ಹಲವು ಭಾಷೆಗೆ ಹೊರಳುತ್ತಾಳೆ.

ಕನ್ನಡಕ್ಕೂ ಬಂದರು: 1942ರ 'ಜೀವನ ನಾಟಕ', ಗುಬ್ಬಿ ವೀರಣ್ಣನವರ ಚಿತ್ರ, ಜೊತೆಗೆ ಕೆಂಪರಾಜ್ ಅರಸ್. ಆಮೇಲೆ ಚಿತ್ರರಂಗ ಅವರನ್ನು ಮರೆಯಿತು. ಮುಪ್ಪಿನಲ್ಲಿ ವೃದ್ಧಾಶ್ರಮ ಸೇರಿದರು. 1990ರಲ್ಲಿ ಬಂದ ಆತ್ಮಕಥೆ ಮರಾಠಿಯಲ್ಲಿದೆ, ಅದಕ್ಕೂ ಹಾಡಿನ ಹೆಸರೇ. ತೀರಿಕೊಂಡದ್ದು 1992ರಲ್ಲಿ.

'ಮಾಣೂಸ್' ಸಿಕ್ಕರೆ ನೋಡಿ. ಆ ಹಾಡು ಬಂದಾಗ ಮಾತ್ರ ಕಣ್ಣು ಮುಚ್ಚಿ, ಉಚ್ಚಾರ ಕೇಳಿ. ಹುಬ್ಬಳ್ಳಿ ಎಲ್ಲಾದರೂ ಇಣುಕುತ್ತದೆಯೇ? ಕಾಮೆಂಟ್‌ನಲ್ಲಿ ಬರೆಯಿರಿ.